ದಾಸಿಯ ಕತ್ತು

ಮೂರನೇ ಸಲವೂ ತಲೆ ನೇರಕ್ಕೆ ಕೂರಲಿಲ್ಲ. ಅಂಟಮ್ಮ ಮೊಳದುದ್ದದ ಮಣ್ಣಿನ ದಾಸಿ ಬೊಂಬೆಯನ್ನು ಮರಳಿನ ಚೀಲಕ್ಕೆ ಒರಗಿಸಿ ಕೈ ಒರೆಸಿಕೊಂಡಳು. ಮ್ಯೂಸಿಯಮ್ಮಿನ ದುರಸ್ತಿ ಕೋಣೆಯಲ್ಲಿ ಒಡೆದದ್ದಕ್ಕೆಲ್ಲ ಅಂಟು ಹಾಕುವವಳಾದ್ದರಿಂದ ಅವಳಿಗೆ ಆ ಹೆಸರು. ಎರಡು ಸಾವಿರ ವರ್ಷದ ಹಿಂದೆ ಯಾವನೋ ದೊರೆಯ ಗೋರಿಯಲ್ಲಿ ಇಂಥ ನಲವತ್ತು ಬೊಂಬೆಗಳನ್ನು ನಿಲ್ಲಿಸಿದ್ದರು. ನಾಳಿದ್ದು ಅವುಗಳ ಪ್ರದರ್ಶನ.

"ಸ್ವಲ್ಪ ಉಜ್ಜಿ ಕೂರಿಸಮ್ಮ," ಎಂದರು ಮೇಷ್ಟ್ರು, ಒಳಗೆ ಬರುತ್ತ. ಆ ಗೋರಿ ಅಗೆಸಿದವರು, ಅವಳಿಗೆ ಕೆಲಸ ಕಲಿಸಿದವರು ಅವರೇ. ಕಳಚಿ ಬಿದ್ದಿದ್ದ ಈ ತಲೆಯನ್ನು ಮೂವತ್ತು ವರ್ಷದ ಹಿಂದೆ ಗಾರೆ ಮೆತ್ತಿ ನಿಲ್ಲಿಸಿದವರೂ ಅವರೇ. ಆ ಗಾರೆ ಈಗ ಉದುರಿತ್ತು.

"ಉಜ್ಜೋದಾ? ಹಳೇ ಅಂಚು ಉಜ್ಜಿದ್ರೆ ಕೈ ಕತ್ತರಿಸ್ತೀನಿ ಅಂದಿದ್ದು ಯಾರು ಸಾರ್?"

"ಆಗ ನಾಳಿದ್ದು ಉದ್ಘಾಟನೆ ಇರಲಿಲ್ಲ."

ತಲೆ ಹೇಗೆ ಕೂರುತ್ತದೆಂದು ಅವಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಹೇಳಲು ಬಾಯಿ ಬರಲಿಲ್ಲ. ನಲವತ್ತು ಬೊಂಬೆಗಳೂ ಶವಪೆಟ್ಟಿಗೆಯನ್ನೇ ನೋಡುತ್ತವೆ, ಒಂದು ದೃಷ್ಟಿ ತಪ್ಪಿದರೂ ಸತ್ತವನ ಆತ್ಮ ಒಂಟಿಯಾಗುತ್ತದೆಂದು ಆ ಜನ ನಂಬಿದ್ದರು ಎನ್ನುವುದರ ಮೇಲೆ ಮೇಷ್ಟ್ರ ದಪ್ಪ ಪುಸ್ತಕವೇ ನಿಂತಿತ್ತು. ಅವರ ಹೆಸರು, ಬಿರುದು ಎಲ್ಲ ಅದರಿಂದಲೇ. ಹೇಳಿದರೆ ಉಂಡ ಮನೆಗೆ ಎರಡು ಬಗೆದಂತೆ. ಹೇಳದಿದ್ದರೆ, ಬೊಂಬೆ ಮಾಡಿದವನಿಗೆ.

"ನೀವೇ ಕೂರಿಸಿ ಸಾರ್," ಎಂದು ತಲೆಯನ್ನು ಅವರ ಅಂಗೈಯಲ್ಲಿಟ್ಟಳು.

ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿ, ಬೆರಳಲ್ಲೇ ಅಂಚು ತಡವಿದರು. ನೇರಕ್ಕಿಟ್ಟರು, ಅಲುಗಿತು. ತುಸು ಎಡಕ್ಕೆ ತಿರುಗಿಸಿದರು. ಇನ್ನೂ ತುಸು. ಗದ್ದ ಭುಜದ ಮೇಲೆ ಬಂದಾಗ ಟಕ್ಕನೆ ಕೂತಿತು, ಕೂದಲೆಳೆಯೂ ತೂರದ ಹಾಗೆ. ಗಾರೆ ಹೋದ ಕತ್ತಿನಲ್ಲಿ ಕಿವಿಯ ಹಿಂದಿನಿಂದ ಕೊರಳ ಗುಳಿಯವರೆಗೆ ಒಂದು ನರ ಬಿಗಿದು ನಿಂತಿತ್ತು. ಯಾರೋ ಕರೆದಾಗ ಗಕ್ಕನೆ ತಿರುಗಿದವಳ ಕತ್ತು ಅದು.

"ನರ ಎಳೆದಿದಾನಲ್ಲೇ ಪುಣ್ಯಾತ್ಮ!" ಮೇಷ್ಟ್ರ ದನಿ ಏರಿತು. "ಕತ್ತಲಲ್ಲಿ ಹೂಳೋ ಬೊಂಬೆಗೆ! ಯಾರು ನೋಡ್ಲಿ ಅಂತ?"

"ನಿಮ್ಮ ಪುಸ್ತಕ, ಸಾರ್..."

"ಸುಡುಗಾಡು ಪುಸ್ತಕ. ನಕ್ಷೆ ತೆಗಿ. ಇವಳ ಎಡಕ್ಕೆ ಏನಿತ್ತು ನೋಡು."

ಅಂಟಮ್ಮ ಗೋರಿಯ ನಕ್ಷೆ ಬಿಚ್ಚಿ, ದಾಸಿ ಸಿಕ್ಕಿದ ಜಾಗದಿಂದ ಬೆರಳು ಎಳೆದಳು. "ಬಾಗಿಲು. ಬೇರೇನಿಲ್ಲ. ಮೂವತ್ತೊಂಬತ್ತು ಜನ ದೊರೆ ಕಡೆ ನೋಡ್ತಿದಾರೆ, ಇವಳೊಬ್ಬಳು ಬಾಗಿಲ ಕಡೆ. ಯಾರು ಬರ್ತಾರೆ ಅಂತ?"

"ದೊರೆ ಜೀವ ತಿರುಗಿ ಬರುತ್ತೆ ಅಂತಲೋ, ತನ್ನನ್ನ ಯಾರಾದ್ರೂ ಬಿಡಿಸ್ಕೊಂಡು ಹೋಗ್ತಾರೆ ಅಂತಲೋ." ಮೇಷ್ಟ್ರು ಬೊಂಬೆಯ ಮುಖದಿಂದ ಕಣ್ಣು ತೆಗೆಯಲಿಲ್ಲ. "ಆ ಬಾಗಿಲಿಂದ ಮೊದಲು ಒಳಗೆ ಹೋದವನು ನಾನೇ ಕಣಮ್ಮ. ಹೋದವನೇ ಇವಳ ಕತ್ತು ತಿರುಚಿ ಪೆಟ್ಟಿಗೆ ಕಡೆ ನಿಲ್ಲಿಸಿದೆ."