ಚಪ್ಪರದ ದ್ರಾಕ್ಷಿ

ಗ್ರೀಸಿನ ಆ ಪುಟ್ಟ ದ್ವೀಪದಲ್ಲಿ ಎವಾಂಥಿಯಾ ಅಜ್ಜಿ ಕೊಟ್ಟ ವೈನನ್ನು ಗುಟುಕರಿಸಿದ ಸಂಶೋಧಕ ಲೋಟ ಕೆಳಗಿಡುವುದನ್ನೇ ಮರೆತ. ಅಳಿದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ, ತಾನೊಬ್ಬನೇ ವರ್ಷಗಟ್ಟಲೆ ಹುಡುಕುತ್ತಿದ್ದ ದ್ರಾಕ್ಷಿತಳಿಯ ರುಚಿ ಅದು.

“ಯಾಕಪ್ಪಾ, ಹುಳಿಯಾಗಿದ್ಯಾ?”

“ಇಲ್ಲಜ್ಜಿ! ಈ ಬಳ್ಳಿಯ ಒಂದು ಹಸಿ ಕಡ್ಡಿ ಕೊಡಿ ಸಾಕು, ಇಡೀ ದ್ವೀಪಕ್ಕೆ ಹಬ್ಬಿಸ್ತೀನಿ. ಎಷ್ಟಿವೆ ನಿಮ್ಮಲ್ಲಿ?”

“ಎಷ್ಟೇನು ಬಂತು, ಚಪ್ಪರಕ್ಕಿದ್ದದ್ದೇ ಒಂದು. ಊರಲ್ಲಿ ಬೇರೆ ಯಾರಿಗೂ ಅದು ಬೇಡವಾಗಿತ್ತು. ಮೊದಲು ಉಣ್ಣು, ಒಣಕಲಾಗಿದ್ದೀಯ.”

“ಊಟ ಆಮೇಲೆ ಅಜ್ಜಿ, ಬಳ್ಳಿ ತೋರಿಸಿ.”

ಅಜ್ಜಿ ನಗುತ್ತ ಸುಟ್ಟ ಕುರಿಮಾಂಸದ ತಟ್ಟೆಯನ್ನು ಅವನ ಮುಂದೆ ಸರಿಸಿದಳು.

“ದೊಡ್ಡ ಅತಿಥಿ ಬಂದ್ರೆ ನಾವು ದ್ರಾಕ್ಷಿಬಳ್ಳಿ ಕಟ್ಟಿಗೆಯ ಕೆಂಡದಲ್ಲೇ ಮಾಂಸ ಸುಡೋದು. ನೀನು ಬರ್ತೀನಂತ ಫೋನು ಮಾಡಿದ ದಿನವೇ ಚಪ್ಪರದ ಬಳ್ಳೀನ ಬುಡಸಮೇತ ಕೀಳಿಸಿ ಒಣಗಿಸಿಟ್ಟೆ. ತಿನ್ನು ಮಗಾ.”