ತುಂಬಾ ಒಳ್ಳೆಯ ರೈತ

ಸ್ಮಾರಕದ ಕಲ್ಲಿನ ಮೇಲೆ ಗಂಡನನ್ನು ‘ಒಳ್ಳೆಯ ರೈತ’ ಎನ್ನಬೇಕೋ ‘ತುಂಬಾ ಒಳ್ಳೆಯ ರೈತ’ ಎನ್ನಬೇಕೋ ಎಂಬ ಗಹನವಾದ ವಿಷಯ ವೈಕಿಂಗರ ಆ ಹಳ್ಳಿಯಲ್ಲಿ ಬೆಳಗಿನಿಂದ ಚರ್ಚೆಯಲ್ಲಿತ್ತು.

“‘ತುಂಬಾ’ ಅಂತ್ಲೇ ಕೆತ್ತಪ್ಪ,” ಎಂದಳು ಹೆಂಡತಿ.

“ಒಂದೊಂದು ರೂನ್ ಅಕ್ಷರಕ್ಕೂ ಸೋಲೋದು ನನ್ನ ತೋಳು ತಾಯಿ,” ಎಂದ ಕಲ್ಲುಕುಟಿಗ. “ಅದೂ ಅಲ್ದೆ ಅವನಿನ್ನೂ ಸತ್ತಿಲ್ಲ.”

“ಮೆಲ್ಲಗೆ ಮಾತಾಡು. ದೊರೆ ಕಡೆಯವರು ಯುದ್ಧದ ಹಡಗಿಗೆ ಗಂಡಸರನ್ನ ಹಿಡ್ಕೊಂಡು ಹೋಗ್ತಿದಾರೆ. ಕಲ್ಲು ನೋಡಿದ್ರೆ ಸತ್ತ ಅಂತ ನಂಬ್ತಾರೆ.”

“‘ತುಂಬಾ’ ಇರ್ಲಿ,” ಎಂದ ಗಂಡ, ಹುಲ್ಲಿನ ಬಣವೆಯೊಳಗಿಂದ.

ಕಲ್ಲುಕುಟಿಗ ನಿಟ್ಟುಸಿರುಬಿಟ್ಟು ಕೆತ್ತಿದ. ವಾಡಿಕೆಯಂತೆ ಕೊನೆಯಲ್ಲಿ ‘ಕೆತ್ತಿದವನು ಹಾಲ್ವಾರ್’ ಎಂದು ತನ್ನ ಹೆಸರನ್ನೂ ಸೇರಿಸಿದ.

ದೊರೆಯ ಆಳು ಬಂದು ಕಲ್ಲನ್ನು ಪೂರ್ತಿ ಓದಿ ಟೊಪ್ಪಿ ತೆಗೆದ. “ಪಾಪ, ಒಳ್ಳೇ ಮನುಷ್ಯ ಹೋದ. ಇರಲಿ, ಈ ಹಾಲ್ವಾರ್ ಯಾರು?”

“ಇವನೇ ಸ್ವಾಮಿ,” ಎಂದಳು ಹೆಂಡತಿ, ಬಣವೆಯ ಕಡೆ ನೋಡದೆ ಕಲ್ಲುಕುಟಿಗನನ್ನು ತೋರಿಸಿ. “ಗಟ್ಟಿ ಆಳು.”

ಹಾಲ್ವಾರನನ್ನು ಹತ್ತಿಸಿಕೊಂಡು ಹೋದ ಹಡಗು ತಿರುಗಿ ಬರಲಿಲ್ಲ. ಅವನ ನೆನಪಿಗೊಂದು ಕಲ್ಲು ಕೆತ್ತಬಲ್ಲವರು ಆ ಸೀಮೆಯಲ್ಲಿ ಬೇರೆ ಯಾರೂ ಇರಲಿಲ್ಲ.