ಕೂಗದೆ ಕೂತವರು

ಹನ್ನೊಂದಕ್ಕೆ ಇನ್ನು ನಾಲ್ಕೇ ನಿಮಿಷ. ಕರಡು ತಿದ್ದುವವಳು ಕಂಪ್ಯೂಟರಿನ ಹಿಂಬದಿಗೆ ಕೈ ಹಾಕಿ, ಉಗುರಿನಷ್ಟಿದ್ದ ವೈಫೈ ಡಾಂಗಲನ್ನು ಮುಟ್ಟಿದಳು. ಕೀಳಲು ಮನಸ್ಸು ಬರಲಿಲ್ಲ. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಅಪ್ಪ ಬಾಗಿಲ ಕಡೆ ಹೊರಟಿದ್ದರು.

ಅದು ಪ್ರಶ್ನೆಪತ್ರಿಕೆ ಸಿದ್ಧವಾಗುವ ಕಚೇರಿ. ಮೊಬೈಲು ಗೇಟಿನಲ್ಲೇ ಕೊಟ್ಟು ಬರಬೇಕು. ಕೆಲಸವೆಲ್ಲ ಒಳಗಿನ ವೈರಿನಲ್ಲಿ. ವೈಫೈ ಏನಿದ್ದರೂ ಅತಿಥಿಗಳ ಕೋಣೆಗೆ. ಎರಡನ್ನೂ ಒಂದೇ ಕಂಪ್ಯೂಟರಿಗೆ ಸಿಕ್ಕಿಸಿದವರಿಗೆ ಅಂದೇ ಮನೆಯ ದಾರಿ. ಅವಳಿಗೆ ಇದೆಲ್ಲ ಬಾಯಿಪಾಠ. ಆದರೆ ಮರೆವಿನ ಅಪ್ಪ ಮನೆಯಲ್ಲಿ ಒಬ್ಬರೇ. ಚಿಕ್ಕಮ್ಮ ಬರುವುದು ಹನ್ನೆರಡಕ್ಕೆ. ಹೋದ ತಿಂಗಳು ಹೊರಬಿದ್ದವರು ಸಿಕ್ಕಿದ್ದು ಹೆದ್ದಾರಿಯ ನಡುವೆ. ಆಮೇಲೆ ಅವಳು ಮನೆಗೆ ಕ್ಯಾಮೆರಾ ಹಾಕಿಸಿದಳು, ಇಲ್ಲಿ ಕದ್ದು ಡಾಂಗಲ್ ಸಿಕ್ಕಿಸಿದಳು.

ನೆಟ್‌ವರ್ಕ್ ನೋಡಿಕೊಳ್ಳುವವನನ್ನು ಎಲ್ಲರೂ ಕರೆಯುವುದು ವೈರಪ್ಪ ಎಂದೇ. ಮಾತಾಡಿಸಿದರೂ ಮಾತಾಡದ ಮನುಷ್ಯ. ಇವತ್ತು ಬೆಳಿಗ್ಗೆ ಮಾತ್ರ ಟೀ ಕೋಣೆಯಲ್ಲಿ ಎಲ್ಲರ ಎದುರಿಗೇ ಮ್ಯಾನೇಜರಿಗೆ ಗಟ್ಟಿಯಾಗಿ ಹೇಳಿದ್ದ. ಯಾರದೋ ವೈಫೈಯಿಂದ ಒಳಗೆ ವೈರಸ್ ನುಗ್ಗಿದೆಯಂತೆ.

“ಹನ್ನೊಂದಕ್ಕೆ ವೈರ್ ಕೀಳ್ತೀನಿ ಸಾರ್. ವೈರೊಂದೇ ಇದ್ದೋರು ನೆಟ್ ಹೋಯ್ತು ಅಂತ ಕೂಗ್ತಾರೆ. ಎರಡೂ ಇಟ್ಕೊಂಡೋರಿಗೆ ಗೊತ್ತೇ ಆಗಲ್ಲ. ಕೂಗದೆ ಕೂತವರೇ ಕಳ್ಳರು.”

ಊಟದ ಹೊತ್ತಿಗೆ ತನಗೊಂದು ಹೆಸರು ಬೇಕೆಂದು ಮ್ಯಾನೇಜರ್ ಗುಡುಗಿ ಕ್ಯಾಬಿನ್ ಸೇರಿಕೊಂಡಿದ್ದರು. ಟೀ ಕುಡಿಯುತ್ತಿದ್ದವರೆಲ್ಲ ಲೋಟ ಅರ್ಧಕ್ಕೇ ಬಿಟ್ಟು ತಮ್ಮ ತಮ್ಮ ಮೇಜಿಗೆ ನಡೆದಿದ್ದರು.

ಅವಳಿಗೆ ಉಪಾಯ ಹೊಳೆದಿತ್ತು. ಎಲ್ಲರ ಜೊತೆ ತಾನೂ ಕೂಗಿಬಿಟ್ಟರಾಯಿತು.

ಅಪ್ಪ ಈಗ ಹೊಸ್ತಿಲ ಬಳಿ ಬಗ್ಗಿ ಚಪ್ಪಲಿ ತಡಕಾಡುತ್ತಿದ್ದರು. ಏನು ಮರೆತರೂ ಚಪ್ಪಲಿ ಮೆಟ್ಟದೆ ಹೊರಗೆ ಕಾಲಿಡುವವರಲ್ಲ. ಅದಕ್ಕೇ ಅವಳು ದಿನಾ ಒಂದು ಚಪ್ಪಲಿಯನ್ನು ಬೀರುವಿನಲ್ಲಿಟ್ಟು ಬರುತ್ತಿದ್ದಳು. ಇವತ್ತು ಇಟ್ಟೆನೋ ಇಲ್ಲವೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅಪ್ಪನ ಮರೆವು ತನಗೂ ಅಂಟಿತೇ ಎಂದು ಭಯವಾಯಿತು.

ಪಕ್ಕದ ಮೇಜಿನ ಅನುವಾದಕ ಪರದೆಯನ್ನು ಗೋಡೆಗೆ ತಿರುಗಿಸಿಕೊಂಡು ಉಗುರು ಕಚ್ಚುತ್ತಿದ್ದ. ಚಿತ್ರ ಬರೆಯುವವಳು ಗಡಿಯಾರ ನೋಡಿದಳು, ಮತ್ತೆ ನೋಡಿದಳು. ವೈರಪ್ಪ ಕೇಬಲ್ ಕೋಣೆಯೊಳಗೆ ಹೋದ.

ಅಪ್ಪನ ಚಿತ್ರ ಕಪ್ಪಾಯಿತು.

“ಅಯ್ಯೋ, ಹೋಯ್ತು!”

ನಟಿಸಬೇಕಾಗಿಯೇ ಬರಲಿಲ್ಲ. ಎದುರಿಗೆ ತಿದ್ದುತ್ತಿದ್ದ ಕರಡು ಇದ್ದ ಹಾಗೇ ಇತ್ತು. ಅದನ್ನು ನೋಡುವ ಪುರಸೊತ್ತು ಅವಳಿಗಿರಲಿಲ್ಲ. ಅನುವಾದಕ ತನ್ನದೂ ಹೋಯಿತೆಂದ. ಚಿತ್ರ ಬರೆಯುವವಳು ಕೂಗಿದಳು, ಹಿಂದಿನ ಸಾಲಿನವರೆಲ್ಲ ಕೂಗಿದರು, ಕೊನೆಗೆ ಕ್ಯಾಬಿನ್ನಿನಿಂದ ತನ್ನದೂ ಹೋಯಿತೆಂಬ ಮ್ಯಾನೇಜರ್ ದನಿಯೂ ಕೇಳಿಸಿತು. ಅವಳು ಎದುರುಮನೆಯವರಿಗೆ ಹೇಳಲು ಮೇಜಿನ ಫೋನ್ ಎತ್ತಿದಳು. ಅವಸರದಲ್ಲಿ ನಂಬರ್ ಎರಡು ಸಲ ತಪ್ಪಿತು.

ಅಷ್ಟರಲ್ಲಿ ಚಿತ್ರ ಮರಳಿತು. ಅಪ್ಪ ಕುರ್ಚಿಯಲ್ಲಿ ಕೂತು, ಒಂಟಿ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಯಾರನ್ನೋ ಬೈಯುತ್ತಿದ್ದರು. ಬೈಸಿಕೊಳ್ಳುತ್ತಿರುವುದು ತಾನೇ ಎಂದು ಗೊತ್ತಾಗಿ ಅವಳಿಗೆ ಹೋದ ಜೀವ ಬಂದಂತಾಯಿತು.

ಆಗಲೇ ಕೋಣೆ ಇದ್ದಕ್ಕಿದ್ದಂತೆ ಸುಮ್ಮನಾದದ್ದು ಗೊತ್ತಾಯಿತು. ಕಟಕಟ ಸದ್ದೊಂದೇ ಉಳಿದಿತ್ತು. ಬಾಗಿಲ ಬಳಿಯ ಬೆರಳಚ್ಚಿನ ತಾತ, ಇನ್ನೆರಡು ತಿಂಗಳಿಗೆ ನಿವೃತ್ತರಾಗುವವರು, ತಲೆ ಎತ್ತದೆ ಟೈಪ್ ಮಾಡುತ್ತಿದ್ದರು. ಅವರೊಬ್ಬರೇ ಕೂಗಿರಲಿಲ್ಲ.

ಪಾಪ, ಇವರೂನಾ ಎನಿಸಿತು ಅವಳಿಗೆ. ತಾನು ಉಳಿದೆನೆಂಬ ಸಮಾಧಾನಕ್ಕೆ ನಾಚಿಕೆಯೂ ಆಯಿತು.

“ಈ ವಯಸ್ಸಲ್ಲಿ ಬೇಕಿತ್ತಾ ಯಜಮಾನ್ರೇ?” ಎಂದು ಮ್ಯಾನೇಜರ್ ಹೊರಬಂದರು. ಕೇಬಲ್ ಕೋಣೆಯಿಂದ ಬಂದು ನಿಂತಿದ್ದ ವೈರಪ್ಪನ ಕಡೆ ತಿರುಗಿ, ಹೆಸರು ಬರೆದುಕೊಳ್ಳಲು ಹೇಳಿದರು.

ವೈರಪ್ಪ ಬರೆಯಲಿಲ್ಲ. ಕೈಯಲ್ಲಿದ್ದ ಖಾಲಿ ಹಾಳೆಯನ್ನು ನೋಡಿದ, ಮ್ಯಾನೇಜರನ್ನು ನೋಡಿದ.

“ವೈರ್ ಕಿತ್ತೇ ಇಲ್ಲ ಸಾರ್. ನಾನು ನಿಲ್ಲಿಸಿದ್ದು ವೈಫೈನ.”